ಬೇಸಿಗೆಯಲ್ಲಿ ಜಿಐಸಿ ಕೈಕೊಡುವುದೇಕೆ? ದಾವಣಗೆರೆ–ಚಿತ್ರದುರ್ಗ ಡೆಂಟಿಸ್ಟ್‌ಗಳ ಚರ್ಚೆ (ಪ್ರತಿ ಮಾತಿನ ಮೇಲಿರುವುದು ಬರೆದವರ ಗುರುತಿನ ಹೆಸರು)

ಜಗಳೂರು ಶಿಬಿರ

ಮಾರ್ಚ್ ಬಂತೆಂದರೆ ಶಾಲಾ ಶಿಬಿರಗಳಲ್ಲಿ ಹಲ್ಲಿನ ಕುಳಿಗೆ ಹಾಕಿದ ಗ್ಲಾಸ್ ಅಯನೋಮರ್ ಸಿಮೆಂಟ್ (ಜಿಐಸಿ) ಮೂರು ಥರ ಕೈಕೊಡುತ್ತಿದೆ. ಒಂದು, ಕಲಸಿ ಬಾಯಿಯ ಹತ್ತಿರ ಒಯ್ಯುವಷ್ಟರಲ್ಲೇ ಹೊಳಪು ಹೋಗಿ ಪುಡಿಪುಡಿ ಆಗಿರುತ್ತದೆ. ಎರಡು, ಚೆನ್ನಾಗಿ ಕೂತ ಫಿಲ್ಲಿಂಗ್ ಕೂಡ ವಾರದ ಮೇಲೆ ನೋಡಿದರೆ ಸುಣ್ಣ ಬಳಿದಂತೆ ಬೆಳ್ಳಗೆ, ಮೇಲೆಲ್ಲ ಕೂದಲೆಳೆಯಂಥ ಬಿರುಕು. ಮೂರು, ಕೆಲವು ಇಡಿಯಾಗಿ ಗೋಲಿಯಂತೆ ಕಿತ್ತು ಬರುತ್ತವೆ, ಕುಳಿಯೊಳಗೆ ಒಂದು ಚೂರೂ ಉಳಿದಿರುವುದಿಲ್ಲ.

ಕೈಯಲ್ಲಿ ಕಲಸುವ ಪುಡಿ–ದ್ರವದ ದಪ್ಪ ಜಿಐಸಿ, ಟೈಪ್ 9. ಕೋಣೆಯ ಶಾಖ 35ರಿಂದ 37 ಡಿಗ್ರಿ, ಫ್ಯಾನ್ ಮಾತ್ರ. ಇದೇ ಬ್ಯಾಚ್ ಡಿಸೆಂಬರ್‌ನಲ್ಲಿ ಸರಿಯಾಗಿತ್ತು. ಕಂಪನಿ ಬದಲಾಯಿಸುವ ಮುಂಚೆ ವಿಧಾನದಲ್ಲಿ ಏನು ಸರಿಪಡಿಸಬೇಕು?

ಮೆಟೀರಿಯಲ್ಸ್ ಮೇಷ್ಟ್ರು

ಕಂಪನಿ ಬದಲಾಯಿಸಬೇಡಿ. ನಿಮ್ಮ ಮೂರು ದೂರಿಗೂ ಕಾರಣ ಬೇರೆ ಬೇರೆ, ಒಂದೇ ಮದ್ದು ಹುಡುಕಿದರೆ ಮೂರೂ ಹಾಗೇ ಉಳಿಯುತ್ತವೆ.

ಪುಡಿಯಲ್ಲಿರುವುದು ಕ್ಯಾಲ್ಸಿಯಂ ಅಥವಾ ಸ್ಟ್ರಾನ್ಷಿಯಂ ಇರುವ ಫ್ಲೋರೋ-ಅಲ್ಯುಮಿನೋ-ಸಿಲಿಕೇಟ್ ಗಾಜು. ದ್ರವ ಅಂದರೆ ನೀರಿನಲ್ಲಿ ಕರಗಿಸಿದ ಪಾಲಿಅಕ್ರಿಲಿಕ್ ಆಮ್ಲ, ಸಾಮಾನ್ಯವಾಗಿ ನೂರಕ್ಕೆ 40ರಿಂದ 50 ಭಾಗ, ಜೊತೆಗೆ ಸ್ವಲ್ಪ ಟಾರ್ಟಾರಿಕ್ ಆಮ್ಲ. ಹೌದು, ನಮ್ಮ ಹುಣಸೆಹಣ್ಣಿನಲ್ಲಿರುವುದೂ ಅದೇ. ವಿಲ್ಸನ್ ಮತ್ತು ಕೆಂಟ್ ಲಂಡನ್ನಿನಲ್ಲಿ ಮಾಡಿ 1972ರಲ್ಲಿ ಪ್ರಕಟಿಸಿದ ಮೊದಲ ಸಿಮೆಂಟ್ ಗಟ್ಟಿಯಾಗಲು ತೀರಾ ಸೋಮಾರಿ. ಟಾರ್ಟಾರಿಕ್ ಸೇರಿದ ಮೇಲೆ ಕೆಲಸ ಮಾಡುವ ಹೊತ್ತು ಹಾಗೇ ಉಳಿದು, ಆಮೇಲೆ ಚುರುಕಾಗಿ ಗಟ್ಟಿಯಾಗುವ ಗುಣ ಬಂತು.

ಕಲಸಿದಾಗ ಆಮ್ಲ ಗಾಜಿನ ಕಣದ ಮೈಯನ್ನು ತಿನ್ನುತ್ತದೆ. ಮೊದಲು ಬಿಡುಗಡೆಯಾಗುವುದು ಕ್ಯಾಲ್ಸಿಯಂ. ಅದು ಆಮ್ಲದ ಉದ್ದ ಸರಪಳಿಗಳನ್ನು ಅಲ್ಲಲ್ಲಿ ಹೊಲಿಗೆ ಹಾಕಿದಂತೆ ಹಿಡಿಯುತ್ತದೆ. ನಮಗೆ ಕೆಲವೇ ನಿಮಿಷದಲ್ಲಿ ಕಾಣುವ ಗಟ್ಟಿತನ ಇಷ್ಟೇ. ಅಲ್ಯುಮಿನಿಯಂ ನಿಧಾನಕ್ಕೆ ಬರುತ್ತದೆ. ಮೂರು ಕೈಯಿಂದ ಹಿಡಿಯುವ ಅಯಾನು ಅದು, ನಿಜವಾದ ಬಲ ಕೊಡುವುದೂ ಅದೇ, ಅದಕ್ಕೆ 24 ಗಂಟೆ ಬೇಕು, ಆಮೇಲೂ ವಾರಗಟ್ಟಲೆ ಸ್ವಲ್ಪ ಸ್ವಲ್ಪ ನಡೆಯುತ್ತದೆ. ಗಟ್ಟಿಯಾದ ಸಿಮೆಂಟಿನ ತೂಕದಲ್ಲಿ ನೂರಕ್ಕೆ 11ರಿಂದ 24ರಷ್ಟು ನೀರೇ. ಅದರಲ್ಲೊಂದು ಪಾಲು ಬಿಗಿಯಾಗಿ ಕಟ್ಟಿಕೊಂಡಿರುತ್ತದೆ, ಇನ್ನೊಂದು ಪಾಲು ಸಡಿಲ, ಗಾಳಿಗೆ ಹಾರಿಹೋಗುವಂಥದ್ದು.

ಈಗ ನಿಮ್ಮ ದೂರಿಗೆ ಬನ್ನಿ. ಶಾಖ ಹೆಚ್ಚಿದರೆ ಕ್ರಿಯೆಯ ವೇಗ ಹೆಚ್ಚುತ್ತದೆ, ಮೊದಲನೇ ದೂರು ಅದು. ಸಡಿಲ ನೀರು ಫ್ಯಾನ್ ಗಾಳಿಗೆ ಹೋದರೆ ಮೇಲ್ಮೈ ಕುಗ್ಗಿ ಬಿರಿಯುತ್ತದೆ. ಅದರ ಬದಲು ಮೊದಲ ನಿಮಿಷಗಳಲ್ಲೇ ಜೊಲ್ಲು ತಾಗಿದರೆ ಇನ್ನೂ ಕಟ್ಟಿಕೊಳ್ಳದ ಅಯಾನುಗಳು ತೊಳೆದುಹೋಗಿ ಮೈ ಸುಣ್ಣವಾಗುತ್ತದೆ. ಎರಡನೇ ದೂರಿನಲ್ಲಿ ಇವೆರಡೂ ಸೇರಿವೆ. ಮೂರನೆಯದು ಅಂಟಿನ ಸಮಸ್ಯೆ. ಹಲ್ಲಿನ ಕ್ಯಾಲ್ಸಿಯಂ ಜೊತೆ ಕೈ ಜೋಡಿಸಲು ಬಿಡುವಿರುವ ಆಮ್ಲದ ಗುಂಪುಗಳು ಬೇಕು. ಹೊಳಪು ಹೋದ ಹಿಟ್ಟಿನಲ್ಲಿ ಅವು ಆಗಲೇ ಮುಗಿದಿರುತ್ತವೆ, ಇಲ್ಲವೇ ಹಲ್ಲಿನ ಮೇಲೆ ಜೊಲ್ಲಿನ ಪೊರೆ, ಕೊರೆದ ಪುಡಿ ಕೂತಿರುತ್ತದೆ. ಒಳ್ಳೆಯ ಜಿಐಸಿ ಕಿತ್ತರೂ ತನ್ನೊಳಗೇ ಮುರಿದು, ಡೆಂಟಿನ್ (ಎನಾಮೆಲ್ ಒಳಗಿನ ಹಲ್ಲಿನ ಪದರ) ಮೇಲೆ ಒಂದು ತೆಳು ಪದರ ಬಿಟ್ಟೇ ಬರಬೇಕು. ಗೋಲಿಯಂತೆ ಬಂತು ಅಂದರೆ ಅದು ಅಂಟಿರಲೇ ಇಲ್ಲ.

ಪಿಜೆ ಬಡಾವಣೆ ಕ್ಲಿನಿಕ್

ಮೇಷ್ಟ್ರು ಹೇಳಿದ ಮೇಲೆ ಕಲಸುವ ವಿಷಯ ನಾನು ಬರೀತೀನಿ. ಹತ್ತರಲ್ಲಿ ಎಂಟು ತಪ್ಪು ಕಲಸೋ ಪ್ಯಾಡ್ ಮೇಲೇ ಆಗ್ತವೆ ಅನ್ನೋದು ನನ್ನ ಲೆಕ್ಕ.

ಪುಡಿ ಬಾಟಲಿ ಮುಚ್ಚಳ ತೆಗೆಯೋ ಮುಂಚೆ ಒಂದೆರಡು ಸಲ ತಟ್ಟಿ ಸಡಿಲ ಮಾಡ್ಕೊಳ್ಳಿ. ಸ್ಕೂಪ್ ತುಂಬಿ, ಬಾಟಲಿ ಬಾಯಿಯ ಅಂಚಿಗೆ ಸವರಿ ಮಟ್ಟ ಮಾಡಿ. ಒತ್ತಿ ತುಂಬಬೇಡ್ರಿ. ಒಂದು ಕಂಪನಿ ಸ್ಕೂಪ್ ಇನ್ನೊಂದು ಕಂಪನಿ ಬಾಟಲಿಗೆ ಹಾಕೋದು ಶಿಬಿರದಲ್ಲಿ ಮಾಮೂಲಿ, ಅಲ್ಲೇ ಪ್ರಮಾಣ ಕೆಡೋದು. ದ್ರವದ ಬಾಟಲಿಯನ್ನ ಮೊದಲು ಅಡ್ಡ ಹಿಡಿದು, ಗಾಳಿಗುಳ್ಳೆ ಹಿಂದಕ್ಕೆ ಹೋದ ಮೇಲೆ ನೆಟ್ಟಗೆ ತಲೆಕೆಳಗಾಗಿ ಹಿಡೀರಿ. ಗುಳ್ಳೆ ಇರೋ ಹನಿ ಅರ್ಧ ಹನಿ ಇದ್ದಂಗೆ, ಅದನ್ನ ಬಿಟ್ಟು ಮುಂದಿನ ಹನಿ ತಗೊಳ್ಳಿ. ಬಾಟಲಿಯನ್ನ ಓರೆ ಹಿಡಿದ್ರೆ ಹನಿಯ ಗಾತ್ರವೇ ಬದಲಾಗುತ್ತೆ.

ಪುಡಿ ಮತ್ತು ದ್ರವದ ತೂಕದ ಅಳತೆ ಗೊತ್ತಿರಲಿ. ಫ್ಯೂಜಿ ಬ್ರಾಂಡಿನ ಸಾಲಿನಲ್ಲಿ 1 ಗ್ರಾಂ ದ್ರವಕ್ಕೆ, ಕ್ರೌನ್ (ಹಲ್ಲಿಗೆ ತೊಡಿಸೋ ಟೋಪಿ) ಅಂಟಿಸೋ ಟೈಪ್ 1ರಲ್ಲಿ ಸುಮಾರು 1.8 ಗ್ರಾಂ ಪುಡಿ, ಫಿಲ್ಲಿಂಗ್‌ನ ಟೈಪ್ 2ರಲ್ಲಿ 2.7, ಟೈಪ್ 9ರಲ್ಲಿ 3.6. ನಿಮ್ಮ ಟೈಪ್ 9 ಕಲಸಿದ ಮೇಲೆ ಚಪಾತಿ ಹಿಟ್ಟಿನ ಹದಕ್ಕೆ ಬರಬೇಕು, ದೋಸೆ ಹಿಟ್ಟಿನ ಹದಕ್ಕಲ್ಲ. ಬಿಸಿಲಲ್ಲಿ ಹೊತ್ತು ಸಾಲಲ್ಲ ಅಂತ ಇನ್ನೊಂದು ಹನಿ ದ್ರವ ಹಾಕ್ತಾರಲ್ಲ, ಅದು ಕೈಗೆ ಸುಲಭ, ಸಿಮೆಂಟಿಗೆ ವಿಷ. ಗಾಜು ಕಡಿಮೆ, ಆಮ್ಲ ಜಾಸ್ತಿ. ಬಲ ಇಳಿಯುತ್ತೆ, ಕರಗೋದು ಏರುತ್ತೆ.

ಪುಡಿಯನ್ನ ಎರಡು ಪಾಲು ಮಾಡಿ. ಮೊದಲ ಪಾಲು ದ್ರವಕ್ಕೆ ಎಳೆದು 10 ಸೆಕೆಂಡ್, ಎರಡನೇ ಪಾಲು ಸೇರಿಸಿ 15ರಿಂದ 20 ಸೆಕೆಂಡ್. ಒಟ್ಟು 30 ಸೆಕೆಂಡ್ ದಾಟಬಾರದು. ಮಡಚಿ ಮಡಚಿ ಒತ್ತಬೇಕು, ಜಿಂಕ್ ಫಾಸ್ಫೇಟ್ ಸಿಮೆಂಟ್ ಥರ ಪ್ಯಾಡ್ ತುಂಬಾ ಹರಡಿ ತಿಕ್ಕಬಾರದು. ಜಾಗ ಜಾಸ್ತಿ ಆದಷ್ಟೂ ನೀರು ಹಾರುತ್ತೆ. ಪ್ಲಾಸ್ಟಿಕ್ ಸ್ಪ್ಯಾಚುಲಾ ಬಳಸಿ. ಗಾಜಿನ ಪುಡಿ ಸ್ಟೀಲನ್ನ ಉಜ್ಜಿ ಬೂದು ಬಣ್ಣ ತರುತ್ತೆ.

23 ಡಿಗ್ರಿಯಲ್ಲಿ ಕಲಸಲು ಶುರು ಮಾಡಿದ ಹೊತ್ತಿನಿಂದ ಸುಮಾರು 2 ನಿಮಿಷ ಕೈಯಲ್ಲಿರುತ್ತೆ. 36 ಡಿಗ್ರಿಯಲ್ಲಿ ಅದನ್ನ ನಂಬಬೇಡ್ರಿ. ಕಲಸೋರು ಒಬ್ಬರು, ಹಾಕೋರು ಇನ್ನೊಬ್ಬರು, ಹಲ್ಲು ಒರೆಸಿ ರೆಡಿ ಆದ ಮೇಲೇ ದ್ರವದ ಹನಿ ಬೀಳಬೇಕು.

ಇಂಟರ್ನ್ ಬ್ಯಾಗು

ಸರ್, ಹಾಗಾದರೆ ಎರಡೂ ಬಾಟಲಿಗಳನ್ನು ಐಸ್ ಡಬ್ಬಿಯಲ್ಲಿಟ್ಟು ಒಯ್ದರೆ ಹೊತ್ತು ಸಿಗುತ್ತದಲ್ಲವೇ?

ಮೆಟೀರಿಯಲ್ಸ್ ಮೇಷ್ಟ್ರು

ದ್ರವದ ಬಾಟಲಿ ಬೇಡ. ತಣ್ಣಗಾದರೆ ಪಾಲಿಅಕ್ರಿಲಿಕ್ ಆಮ್ಲ ಇನ್ನಷ್ಟು ಮಂದವಾಗುತ್ತದೆ, ಕೆಲವು ದ್ರವಗಳು ಜೆಲ್ ಆಗುವುದೂ ಉಂಟು. ಹನಿ ದಪ್ಪವಾಗಿ ಬಿದ್ದು ಲೆಕ್ಕ ತಪ್ಪುತ್ತದೆ. ತಣ್ಣಗೆ ಮಾಡಬೇಕಾದ್ದು ಕಲಸುವ ಗಾಜಿನ ಹಲಗೆಯನ್ನು. ದಪ್ಪ ಗಾಜಿನ ಹಲಗೆಯನ್ನು ತಂಪು ಮಾಡಿ, ಒಣ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಕಲಸಿ. ಎಷ್ಟು ತಂಪು ಅಂದರೆ ಮೇಲೆ ಬೆವರು ಕೂರದಷ್ಟು. ಇಬ್ಬನಿ ಕೂತ ಹಲಗೆಯ ಮೇಲೆ ಕಲಸುವುದೂ ಒಂದೇ, ಅಳತೆಯಿಲ್ಲದೆ ನೀರು ಸುರಿಯುವುದೂ ಒಂದೇ. ಜಗಳೂರಿನ ಮಾರ್ಚ್ ಗಾಳಿ ಒಣ, ಅಲ್ಲಿ ಇದು ಸುಲಭ. ಮಳೆಗಾಲದ ಹೊನ್ನಾಳಿಯಲ್ಲಿ ಇದೇ ಉಪಾಯ ಕೆಡಿಸುತ್ತದೆ.

ಪುಡಿ ತೆಗೆದುಕೊಂಡ ತಕ್ಷಣ ಮುಚ್ಚಳ ಹಾಕಿ, ಪುಡಿ ತೇವ ಹೀರುತ್ತದೆ. ದ್ರವದ ಮುಚ್ಚಳ ತೆಗೆದಿಟ್ಟರೆ ಅದರ ನೀರು ಹಾರುತ್ತದೆ. ತಳದಲ್ಲಿ ಜೇನಿನಂತೆ ಎಳೆ ಬರುವ ದ್ರವ ಉಳಿದಿದ್ದರೆ ಚೆಲ್ಲಿ, ಪುಡಿ ಮಿಕ್ಕಿತು ಅಂತ ಬೇರೆ ಕಂಪನಿಯ ದ್ರವ ತಂದು ಸೇರಿಸಬೇಡಿ. ಕೆಲವು ಸಿಮೆಂಟುಗಳಲ್ಲಿ ಆಮ್ಲವನ್ನು ಒಣಗಿಸಿ ಪುಡಿಯಲ್ಲೇ ಬೆರೆಸಿರುತ್ತಾರೆ, ದ್ರವದ ಬಾಟಲಿಯಲ್ಲಿ ಬರೀ ನೀರು ಅಥವಾ ಟಾರ್ಟಾರಿಕ್ ಆಮ್ಲದ ನೀರು. ಆ ಪುಡಿಗೆ ಇನ್ನೊಂದರ ಆಮ್ಲ ಹಾಕಿದರೆ ಕೈಯಲ್ಲೇ ಕಲ್ಲು. ತಿರುಗುಮುರುಗಾಗಿ ಸಾಮಾನ್ಯ ಪುಡಿಗೆ ಡಿಸ್ಟಿಲ್ಡ್ ವಾಟರ್ ಹಾಕಿದರೆ ಗಟ್ಟಿಯೇ ಆಗದು. ಲೇಬಲ್ ಓದದೆ ದ್ರವ ಹಾಕಬೇಡಿ.

ಚಳ್ಳಕೆರೆ ಟೂತ್

ಮೂರನೇ ದೂರಿನ ಬಗ್ಗೆ ಯಾರೂ ಕಂಡೀಷನರ್, ಅಂದರೆ ಸಿಮೆಂಟಿಗೆ ಮುಂಚೆ ಹಲ್ಲಿನ ಮೈ ಸ್ವಚ್ಛ ಮಾಡಲು ಹಚ್ಚುವ ಆಮ್ಲದ ಹೆಸರೆತ್ತಲಿಲ್ಲ. ಜಿಐಸಿ ತಾನೇ ಅಂಟುತ್ತದೆ ಅಂತ ಕಾಲೇಜಿನಲ್ಲಿ ಹೇಳಿಕೊಟ್ಟದ್ದನ್ನೇ ಹಿಡಿದು ಅದನ್ನು ಬಿಟ್ಟವರು ಬಹಳ.

10 ಶೇಕಡಾ ಪಾಲಿಅಕ್ರಿಲಿಕ್ ಆಮ್ಲವಾದರೆ 20 ಸೆಕೆಂಡ್, 20 ಶೇಕಡಾ ಆದರೆ 10 ಸೆಕೆಂಡ್. ತೊಳೆದು, ಹತ್ತಿಯಿಂದ ಒತ್ತಿ ಒಣಗಿಸಿ. ಏರ್ ಸಿರಿಂಜ್ ಹಿಡಿದು ಡೆಂಟಿನ್ ಬಿಳಿಚುವ ತನಕ ಊದಬೇಡಿ. ನೀರಿಲ್ಲದ ಡೆಂಟಿನ್ ಸಿಮೆಂಟಿನ ನೀರನ್ನೇ ಹೀರುತ್ತದೆ, ರೋಗಿಗೆ ಜುಮ್ಮೆನ್ನುತ್ತದೆ. 37 ಶೇಕಡಾ ಫಾಸ್ಫಾರಿಕ್ ಆಮ್ಲವನ್ನು ಇದಕ್ಕೆ ಬಳಸಬಾರದು. ಅದು ಕ್ಯಾಲ್ಸಿಯಂ ಅನ್ನೇ ಕಿತ್ತು ಒಯ್ಯುತ್ತದೆ, ಆಮೇಲೆ ಜಿಐಸಿ ಯಾರ ಕೈ ಹಿಡಿಯಬೇಕು?

ಕಂಡೀಷನರ್ ತೊಳೆದ ಮೇಲೆ ಜೊಲ್ಲೋ ರಕ್ತವೋ ತಾಗಿದರೆ ಒರೆಸಿ ಮುಂದುವರಿಸಬೇಡಿ. ತೊಳೆದು, ಒಣಗಿಸಿ, ಮತ್ತೆ ಕಂಡೀಷನ್ ಮಾಡಿ.

ಜಗಳೂರು ಶಿಬಿರ

ಶಿಬಿರದಲ್ಲಿ ಬೇರೆ ಕಂಡೀಷನರ್ ಇರುವುದಿಲ್ಲ. ಸಿಮೆಂಟಿನ ದ್ರವವನ್ನೇ ಹಚ್ಚುತ್ತಿದ್ದೇವೆ. ಅದು ತಪ್ಪೇ?

ಮಕ್ಕಳ ಹಲ್ಲು, ದುರ್ಗ

ತಪ್ಪಲ್ಲ ಸರ್, ಆದರೆ ನೀರು ಬೆರೆಸದೆ ಹಚ್ಚಬಾರದು. ಚಿಕ್ಕ ಹತ್ತಿಯುಂಡೆಯನ್ನು ಮೊದಲು ನೀರಿನಲ್ಲಿ ಅದ್ದಿ ಹಿಂಡಿ, ಆಮೇಲೆ ದ್ರವದ ಹನಿಗೆ ಮುಟ್ಟಿಸಿ. ಕುಳಿ ಮತ್ತು ಸುತ್ತಲಿನ ಗೀರುಗಳಿಗೆಲ್ಲ 10ರಿಂದ 15 ಸೆಕೆಂಡ್ ಸವರಿ. ಎರಡು ಮೂರು ಒದ್ದೆ ಉಂಡೆಗಳಿಂದ ತೊಳೆದು ಒಣ ಉಂಡೆಯಿಂದ ಒತ್ತಿ. ಮೇಷ್ಟ್ರು ಹೇಳಿದ ನೀರಿನ ಬಾಟಲಿಯ ಸಿಮೆಂಟಾದರೆ ಈ ಉಪಾಯ ನಡೆಯುವುದಿಲ್ಲ, ಆ ದ್ರವದಲ್ಲಿ ಪಾಲಿಅಕ್ರಿಲಿಕ್ ಆಮ್ಲವೇ ಇರುವುದಿಲ್ಲ.

ನೀವು ಮಾಡುತ್ತಿರುವುದು ಎಆರ್‌ಟಿ, ಡ್ರಿಲ್ ಇಲ್ಲದ ವಿಧಾನ. 80ರ ದಶಕದಲ್ಲಿ ಟಾಂಜಾನಿಯಾದಲ್ಲಿ ಶುರುವಾಗಿ, ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎತ್ತಿ ಹಿಡಿದದ್ದು. ಕರೆಂಟು ಬೇಡ ಅನ್ನುವುದು ಅದರ ದೊಡ್ಡಸ್ತಿಕೆ, ಆದರೆ ಹುಳುಕು ಬಿಟ್ಟರೂ ನಡೆಯುತ್ತದೆ ಅಂತ ಅರ್ಥವಲ್ಲ. ಕುಳಿಯ ಬಾಯಿ ಚಿಕ್ಕದಿದ್ದರೆ ಹ್ಯಾಚೆಟ್ಟನ್ನು (ಚಿಕ್ಕ ಕೊಡಲಿಯಂಥ ಕೈ ಉಪಕರಣ) ತಿರುಗಿಸಿ, ಆಸರೆಯಿಲ್ಲದ ಎನಾಮೆಲ್ ಮುರಿದು, ಸಣ್ಣ ಎಕ್ಸ್‌ಕವೇಟರ್ ಒಳಗೆ ಆಡುವಷ್ಟು ಜಾಗ ಮಾಡಿಕೊಳ್ಳಿ. ಮೊದಲು ಸುತ್ತಲಿನ ಗೋಡೆ, ಎನಾಮೆಲ್–ಡೆಂಟಿನ್ ಕೂಡುವ ಗೆರೆ ಪೂರ್ತಿ ಸ್ವಚ್ಛವಾಗಬೇಕು. ಅಲ್ಲಿ ಮೆತ್ತಗಿನ ಡೆಂಟಿನ್ ಉಳಿದರೆ ಫಿಲ್ಲಿಂಗ್ ಕೊಳೆತ ಗೋಡೆಗೆ ಅಂಟಿದ ಹಾಗೆ, ಗೋಲಿ ಆಗುವುದು ಅಲ್ಲಿಂದಲೇ. ತಳ ಕೊನೆಗೆ. ನರದ ಹತ್ತಿರ ಸ್ವಲ್ಪ ಚರ್ಮದಂತಿರುವ ಡೆಂಟಿನ್ ಬಿಡಬಹುದು, ಸುತ್ತ ಬಿಗಿಯಾಗಿ ಮುಚ್ಚಿದರೆ ಒಳಗಿನ ಹುಳುಕಿಗೆ ಊಟ ಸಿಗುವುದಿಲ್ಲ. ನರ ಕಂಡೇಬಿಟ್ಟರೆ ಜಿಐಸಿ ನೇರವಾಗಿ ಅದರ ಮೇಲೆ ಇಡುವ ವಸ್ತುವಲ್ಲ. ತೀರಾ ಆಳವಾದ ಒಂದು ಚುಕ್ಕೆಗೆ ಮಾತ್ರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸಾಕು. ಇಡೀ ತಳಕ್ಕೆ ಹಚ್ಚಿದರೆ ಅಂಟುವ ಜಾಗವನ್ನೇ ಮುಚ್ಚಿದಂತಾಗುತ್ತದೆ.

ಹಿಟ್ಟು ಹೊಳೆಯುತ್ತಿರುವಾಗಲೇ ತುಸು ಹೆಚ್ಚಾಗಿ ತುಂಬಿ, ಗ್ಲೌಸಿನ ತೋರುಬೆರಳಿಗೆ ತೆಳ್ಳಗೆ ವ್ಯಾಸಲೀನ್ ಸವರಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೆರಳನ್ನು ಮೇಲಕ್ಕೆ ಎತ್ತಬೇಡಿ, ಪಕ್ಕಕ್ಕೆ ಜಾರಿಸಿ ತೆಗೆಯಿರಿ, ಇಲ್ಲವಾದರೆ ಹಿಟ್ಟೂ ಜೊತೆಗೆ ಏಳುತ್ತದೆ. ಉಕ್ಕಿದ್ದನ್ನು ಕಾರ್ವರ್‌ನಿಂದ ತೆಗೆದು, ಕಚ್ಚಿಸಿ ನೋಡಿ, ಮತ್ತೆ ಮೇಲೆ ವ್ಯಾಸಲೀನ್ ಹೊದಿಕೆ. ಒಂದು ಗಂಟೆ ಏನೂ ತಿನ್ನಬಾರದು. ಬಿಸಿಯೂಟದ ಗಂಟೆ ನೋಡಿಕೊಂಡು ಮಕ್ಕಳನ್ನು ಕರೆಸಿ, ಊಟಕ್ಕೆ ಹತ್ತು ನಿಮಿಷ ಮುಂಚೆ ಹಾಕಿದ ಫಿಲ್ಲಿಂಗ್ ಸಾಂಬಾರಿನ ಪಾಲು.

ಉಪಕರಣ ಶುದ್ಧಿಗೆ ಆಟೋಕ್ಲೇವ್ ಇಲ್ಲದ ಕಡೆ ಪ್ರೆಷರ್ ಕುಕ್ಕರ್ ನಡೆಯುತ್ತದೆ, ಪೂರ್ತಿ ಒತ್ತಡ ಬಂದ ಮೇಲೆ ಕನಿಷ್ಠ 15 ನಿಮಿಷ. ತಾಟಿನ ನೀರಿನಲ್ಲಿ ಡೆಟಾಲ್ ಹಾಕಿ ಅದ್ದುವುದನ್ನು ಶುದ್ಧಿ ಅನ್ನಬೇಡಿ.

ಪಿಜೆ ಬಡಾವಣೆ ಕ್ಲಿನಿಕ್

ಎಲ್ಲಾ ಒಪ್ಪಿದೆ ಮೇಡಂ, ಹೊದಿಕೆ ವಿಷಯ ಬಿಟ್ಟು. ವ್ಯಾಸಲೀನ್ ನಾಲಿಗೆ ಎರಡು ಸಲ ಆಡಿದ್ರೆ ಹೋಯ್ತು. ಬೇಸಿಗೆಯ ಬಿರುಕಿಗೆ ಅದು ಸಾಲಲ್ಲ. ಕ್ಲಿನಿಕ್‌ನಲ್ಲಿ ಬೆಳಕಿಗೆ ಗಟ್ಟಿಯಾಗೋ ತೆಳು ಬಾಂಡಿಂಗ್ ರೆಸಿನ್ ಹಚ್ಚಿ 20 ಸೆಕೆಂಡ್ ಲೈಟ್ ಕೊಡೋದೇ ಸರಿ, ಅದು ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತೆ.

ಮಕ್ಕಳ ಹಲ್ಲು, ದುರ್ಗ

ಕ್ಲಿನಿಕ್‌ಗೆ ನೀವು ಹೇಳಿದ್ದೇ ಸರಿ. ಶಾಲೆಯ ಜಗಲಿಯಲ್ಲಿ ಲೈಟ್ ಕ್ಯೂರ್ ಎಲ್ಲಿಂದ ತರೋಣ? ಈಗ ಬ್ಯಾಟರಿಯ ಲೈಟ್ ಬಂದಿದೆ ನಿಜ, ಒಯ್ಯುವವರು ಒಯ್ಯಲಿ. ಇಲ್ಲದವರು ಸಿಮೆಂಟಿನ ಜೊತೆ ಬರುವ ವಾರ್ನಿಷ್ ಹಚ್ಚಲಿ, ಅದೂ ಇಲ್ಲದಿದ್ದರೆ ವ್ಯಾಸಲೀನ್. ಕಚ್ಚಿಸಿ ನೋಡಿ ಕೆರೆದ ಮೇಲೆ ಎರಡನೇ ಸಲ ಹಚ್ಚುವುದನ್ನು ಮರೆಯಬಾರದು ಅಷ್ಟೇ. ಬಹಳ ಜನ ಮೊದಲು ಹಚ್ಚಿ, ಕೆರೆದು, ಹಾಗೇ ಕಳಿಸುತ್ತಾರೆ.

ಚಳ್ಳಕೆರೆ ಟೂತ್

ಒಣಗುವ ಸಮಸ್ಯೆ ಮೊದಲ ದಿನಕ್ಕೇ ಮುಗಿಯುವುದಿಲ್ಲ. ಹಳೆಯ ಜಿಐಸಿ ಇರುವ ಬಾಯಿಯಲ್ಲಿ ಪಕ್ಕದ ಹಲ್ಲಿಗೆ ಅರ್ಧ ಗಂಟೆ ಕೆಲಸ ಮಾಡುವಾಗ ಕಾಟನ್ ರೋಲ್ ಅದನ್ನೂ ಒಣಗಿಸುತ್ತದೆ. ಅದಕ್ಕೆ ಮೊದಲೇ ವ್ಯಾಸಲೀನ್ ಸವರಿ. ಬಾಯಲ್ಲಿ ಉಸಿರಾಡುವವರ ಮುಂದಿನ ಹಲ್ಲುಗಳಲ್ಲೂ ಇದೇ ಗತಿ.

ಪಾಲಿಶ್ 24 ಗಂಟೆಯ ನಂತರ, ನೀರು ಬಿಟ್ಟುಕೊಂಡೇ. ಅದೇ ದಿನ ನೀರಿಲ್ಲದೆ ಬರ್ (ಡ್ರಿಲ್ಲಿನ ಮೊನೆ) ಹಾಕಿದರೆ ಅಂಚು ಎದ್ದು ಬರುತ್ತದೆ.

ನಮ್ಮ ಕಡೆ ಜಿಐಸಿಗೆ ಅತಿ ಹೆಚ್ಚು ಕೆಲಸ ಇರುವುದು ಒಸಡಿನ ಅಂಚಿನಲ್ಲಿ. ಇದ್ದಿಲು, ಇಟ್ಟಿಗೆ ಪುಡಿ, ಒರಟು ಹಲ್ಲುಪುಡಿ ಹಾಕಿ ಅಡ್ಡಡ್ಡ ತಿಕ್ಕಿ ಸವೆದ ಹಲ್ಲಿನ ಬುಡ. ಅಲ್ಲಿ ಎನಾಮೆಲ್ ಇಲ್ಲ, ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್ ಆದ ಕಾಂಪೊಸಿಟ್‌ಗೆ ಹಿಡಿತ ಕಡಿಮೆ, ಒಸಡಿನ ತೇವ ಬೇರೆ. ಜಿಐಸಿಯ ಅಂಟು ಸಂಖ್ಯೆಯಲ್ಲಿ ನೋಡಿದರೆ ಸಣ್ಣದು, ಡೆಂಟಿನ್ ಮೇಲೆ ಸುಮಾರು 2ರಿಂದ 5 ಮೆಗಾಪಾಸ್ಕಲ್. ಆದರೂ ಅಲ್ಲಿ ಉಳಿಯುತ್ತದೆ, ಯಾಕೆಂದರೆ ಗಟ್ಟಿಯಾಗುವಾಗ ತನ್ನನ್ನು ತಾನು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ, ಬಿಸಿ–ತಣ್ಣಗೆಗೆ ಹಿಗ್ಗಿ ಕುಗ್ಗುವ ಪ್ರಮಾಣವೂ ಹಲ್ಲಿನದಕ್ಕೆ ಹತ್ತಿರ. ಕಾಂಪೊಸಿಟ್ ಅದರ ಎರಡು ಮೂರು ಪಟ್ಟು ಹಿಗ್ಗುತ್ತದೆ. ಸವೆದ ಜಾಗ ಗಾಜಿನಂತೆ ಮಿರುಗುತ್ತಿದ್ದರೆ ಮೊದಲು ಪ್ಯೂಮಿಸ್ ಹಾಕಿ ಉಜ್ಜಿ, ಆಮೇಲೆ ಕಂಡೀಷನರ್. ಬ್ರಷ್ ಹಿಡಿಯುವ ರೀತಿ ಬದಲಾಗದಿದ್ದರೆ ಜಿಐಸಿಯೂ ಸವೆಯುತ್ತದೆ, ಅದು ಹಲ್ಲಿಗಿಂತ ಮೆತ್ತಗೆ.

ಸರ್ಕಾರಿ ಶಾಲೆ ಮೇಷ್ಟ್ರು, ಮೊಳಕಾಲ್ಮೂರು

ಡಾಕ್ಟ್ರೇ, ನಡುವೆ ಬಂದೆ, ಕ್ಷಮಿಸಿ. ಜಿಐಸಿ ಫ್ಲೋರೈಡ್ ಬಿಡುತ್ತದೆ ಅಂತ ಶಿಬಿರದವರು ಹೇಳಿದರು. ನಮ್ಮ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಹೆಚ್ಚು, ಮಕ್ಕಳ ಹಲ್ಲು ಕಂದು ಬಣ್ಣ. ಅದರ ಮೇಲೆ ಇದನ್ನೂ ಹಾಕಿಸಿದರೆ ಹೇಗೆ? ಪೋಷಕರು ಕೇಳುತ್ತಿದ್ದಾರೆ.

ಮೆಟೀರಿಯಲ್ಸ್ ಮೇಷ್ಟ್ರು

ಕ್ಷಮೆ ಯಾಕೆ ಮೇಷ್ಟ್ರೇ, ಈ ಎರಡು ಜಿಲ್ಲೆಗಳಲ್ಲಿ ಕೇಳಲೇಬೇಕಾದ ಪ್ರಶ್ನೆ.

ಹಲ್ಲಿನ ಕಂದು ಕಲೆ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ಬಿದ್ದದ್ದು, ಹೆಚ್ಚಾಗಿ ಎಂಟು ವರ್ಷದೊಳಗೆ. ಅದಕ್ಕೆ ಕಾರಣ ದಿನಾ ಲೀಟರ್‌ಗಟ್ಟಲೆ ಹೊಟ್ಟೆಗೆ ಹೋಗುವ ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ, ಬೇರೆ ನೀರು ಇಲ್ಲದಿದ್ದರೆ 1.5ರ ತನಕ. ಫಿಲ್ಲಿಂಗ್ ಬಿಡುವ ಫ್ಲೋರೈಡ್ ಅತಿ ಅಲ್ಪ. ಮೊದಲ ಒಂದೆರಡು ದಿನ ಸ್ವಲ್ಪ ಜೋರು, ಆಮೇಲೆ ತೀರಾ ಕಡಿಮೆ, ಅದೂ ಫಿಲ್ಲಿಂಗಿನ ಸುತ್ತಮುತ್ತಲಷ್ಟೇ. ಅದರಿಂದ ಕಂದು ಕಲೆ ಬರದು, ಇದ್ದದ್ದು ಹೆಚ್ಚುವುದೂ ಇಲ್ಲ. ಪೋಷಕರು ಆತಂಕ ಪಡಬೇಕಾದ್ದು ಬಿಂದಿಗೆಯ ನೀರಿನ ಬಗ್ಗೆ, ಫಿಲ್ಲಿಂಗ್ ಬಗ್ಗೆ ಅಲ್ಲ. ಶಾಲೆಯಲ್ಲಿ ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲಿಕ್ಕಷ್ಟೇ ಅಲ್ಲ, ಅಡುಗೆಗೂ ಬಳಸಿ.

ಡಾಕ್ಟರುಗಳಿಗೂ ಒಂದು ಮಾತು. ಫ್ಲೋರೈಡ್ ಬಿಡುತ್ತದೆ ಅಂದಮೇಲೆ ಪಕ್ಕದಲ್ಲಿ ಹುಳುಕೇ ಬರದು ಅಂತ ಮಾರಾಟದವರ ಮಾತನ್ನು ರೋಗಿಗೆ ಹೇಳಬೇಡಿ. ಪ್ರಯೋಗಾಲಯದಲ್ಲಿ ಕಂಡಷ್ಟು ಬಾಯಲ್ಲಿ ಕಾಣುವುದಿಲ್ಲ. ಪೇಸ್ಟಿನಿಂದ ಫ್ಲೋರೈಡ್ ಮತ್ತೆ ಹೀರಿಕೊಂಡು ಬಿಡುವ ಗುಣ ನಿಜ, ಅದು ಬ್ರಷ್ ಮಾಡುವವರಿಗೆ ಮಾತ್ರ. ಇನ್ನೊಂದು, ಜಿಐಸಿ ಇರುವ ಬಾಯಿಗೆ ಆಮ್ಲೀಯ ಎಪಿಎಫ್ ಫ್ಲೋರೈಡ್ ಜೆಲ್ ಹಾಕಬಾರದು. ಅದು ಗಾಜನ್ನು ತಿನ್ನಿ ಮೈ ಒರಟು ಮಾಡುತ್ತದೆ. ನ್ಯೂಟ್ರಲ್ ಸೋಡಿಯಂ ಫ್ಲೋರೈಡ್ ಅಥವಾ ವಾರ್ನಿಷ್ ಬಳಸಿ.

ಮಕ್ಕಳ ಹಲ್ಲು, ದುರ್ಗ

ಶಾಲೆಯ ಮೇಷ್ಟ್ರಿಗೆ ಇನ್ನೊಂದು ಸೇರಿಸುತ್ತೇನೆ. ಕಂದು ಹಲ್ಲಿನ ಬಣ್ಣ ಮುಚ್ಚಲು ಜಿಐಸಿ ಕೇಳಬೇಡಿ, ಅದಕ್ಕೆ ಬೇರೆ ದಾರಿಗಳಿವೆ. ಜಿಐಸಿ ಬೇಕಾಗುವುದು ಕುಳಿ ಬಿದ್ದಲ್ಲಿ, ಎನಾಮೆಲ್ ಉದುರಿದ ದವಡೆ ಹಲ್ಲಿನಲ್ಲಿ, ಆರನೇ ವಯಸ್ಸಿನ ಹಲ್ಲು ಅರ್ಧ ಮಾತ್ರ ಮೊಳೆತು ಒಣಗಿಸಲು ಬಾರದಿದ್ದಾಗ ಅದರ ಗೀರುಗಳನ್ನು ಮುಚ್ಚಲು.

ಪಾದರಸದ ಅಮಾಲ್ಗಮ್ ಫಿಲ್ಲಿಂಗ್ 15 ವರ್ಷದೊಳಗಿನವರಿಗೆ, ಗರ್ಭಿಣಿ, ಬಾಣಂತಿಯರಿಗೆ ಬೇಡ ಅಂತ, ಪಾದರಸ ತಗ್ಗಿಸುವ ಮಿನಮಾಟ ಒಪ್ಪಂದದ ದೇಶಗಳು 2022ರಲ್ಲಿ ತೀರ್ಮಾನಿಸಿದವು. ಅದಕ್ಕೂ ಒಂದು ವರ್ಷ ಮೊದಲು, 2021ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಜಿಐಸಿ ಸೇರಿತು. ಹಾಗಾಗಿ ಮಕ್ಕಳ ವಿಭಾಗದಲ್ಲಿ ಇದನ್ನು ತಾತ್ಕಾಲಿಕ ಅಂತ ಕರೆಯುವ ಚಾಳಿ ಬಿಡೋಣ.

ಆದರೆ ಮಿತಿ ಇದೆ. ಮೇಲೆ ಮಾತ್ರ ಕುಳಿ ಇರುವ ಒಂದು ಮುಖದ ಫಿಲ್ಲಿಂಗ್ ಚೆನ್ನಾಗಿ ಬಾಳುತ್ತದೆ. ಎರಡು ಹಲ್ಲಿನ ನಡುವಿನ ಕುಳಿ ಸೇರಿದರೆ ಮುರಿಯುತ್ತದೆ. ಹಾಲುಹಲ್ಲಿನಲ್ಲಿ ಅಂಥದಕ್ಕೆ ಸ್ಟೀಲ್ ಕ್ರೌನ್ ಉತ್ತಮ, ಅದನ್ನು ಅಂಟಿಸಲು ಮತ್ತೆ ಜಿಐಸಿಯೇ, ಟೈಪ್ 1.

ಇಂಟರ್ನ್ ಬ್ಯಾಗು

ಮುರಿಯುವುದನ್ನು ತಪ್ಪಿಸಲು ಅಮಾಲ್ಗಮ್‌ನ ಬೆಳ್ಳಿ ಪುಡಿ ಬೆರೆಸಿದ ಮಿರಾಕಲ್ ಮಿಕ್ಸ್ ಬಳಸಬಹುದಲ್ಲ ಮೇಡಂ? ನಮ್ಮ ಸೀನಿಯರ್‌ಗಳು ಈಗಲೂ ಹೇಳುತ್ತಾರೆ.

ಚಳ್ಳಕೆರೆ ಟೂತ್

ಹೆಸರಲ್ಲಿ ಮಾತ್ರ ಮಿರಾಕಲ್. ಲೋಹದ ಕಣಕ್ಕೂ ಸಿಮೆಂಟಿಗೂ ಅಂಟೇ ಇಲ್ಲ, ಚಕ್ಕುಲಿ ಹಿಟ್ಟಿನಲ್ಲಿ ಜಲ್ಲಿಕಲ್ಲು ಇದ್ದಂತೆ. ಹಲ್ಲು ಕಪ್ಪಾಗುತ್ತದೆ. ಎಕ್ಸ್‌ರೇನಲ್ಲಿ ಕಾಣುತ್ತಿತ್ತು ಅನ್ನುವ ಒಂದು ಗುಣವನ್ನು ಈಗಿನ ಸ್ಟ್ರಾನ್ಷಿಯಂ ಗಾಜೂ ಕೊಡುತ್ತದೆ. ಟೈಪ್ 9 ಬಂದ ಮೇಲೆ ಅದರ ಅಗತ್ಯ ಇಲ್ಲ.

ಪಿಜೆ ಬಡಾವಣೆ ಕ್ಲಿನಿಕ್

ಅಲ್ರೀ, ಕೋರ್ (ಕ್ರೌನ್ ಕೂರಿಸೋಕೆ ಒಳಗೆ ಕಟ್ಟೋ ಆಸರೆ) ಕಟ್ಟೋಕೆ ಇನ್ನೂ ಎಷ್ಟೋ ಜನ ಬಳಸ್ತಾರೆ. ಅರ್ಧಕ್ಕಿಂತ ಹೆಚ್ಚು ಹಲ್ಲು ಉಳಿದಿದ್ರೆ ನಡೀತದೆ, ಇಲ್ಲದಿದ್ರೆ ಕ್ರೌನ್ ಜೊತೆ ಕೋರೂ ಕಿತ್ತು ಬರ್ತದೆ. ನಾನು ಒಪ್ಪೋದು ಅಷ್ಟು ಮಟ್ಟಿಗೆ.

ದೊಡ್ಡವರ ದವಡೆ ಹಲ್ಲಿಗೆ ಸ್ಯಾಂಡ್‌ವಿಚ್ ಮಾಡ್ರಿ. ಒಸಡಿನ ಕಡೆ ಡೆಂಟಿನ್ ಅಂಚಿಗೆ ರೆಸಿನ್ ಬೆರೆತ ಜಿಐಸಿ, ಮೇಲೆ ಕಾಂಪೊಸಿಟ್. ರೆಸಿನ್ ಬೆರೆತದ್ದರಲ್ಲಿ ಹೇಮಾ ಅನ್ನೋ ರಾಸಾಯನಿಕ ಇರುತ್ತೆ, 20 ಸೆಕೆಂಡ್ ಲೈಟಿಗೆ ಗಟ್ಟಿ ಆಗುತ್ತೆ, ಮೊದಲ ನಿಮಿಷದ ನೀರಿಗೆ ಅಷ್ಟು ಹೆದರಲ್ಲ. ಒಂದೇ ಸಲ ದಪ್ಪ ತುಂಬಬೇಡಿ, ಬೆಳಕು ತಳಕ್ಕೆ ಹೋಗಲ್ಲ, ಸುಮಾರು 2 ಮಿಲಿಮೀಟರ್ ಪದರ ಸಾಕು. ಹೇಮಾ ಗ್ಲೌಸ್ ದಾಟಿ ಚರ್ಮಕ್ಕೆ ಅಲರ್ಜಿ ತರಿಸುತ್ತೆ, ಕಲಸೋ ಸಹಾಯಕರು ಬೆರಳಿಂದ ಮುಟ್ಟದ ಹಾಗೆ ನೋಡ್ಕೊಳ್ಳಿ.

ಕ್ರೌನ್ ಅಂಟಿಸಿದ ಮೇಲೆ ಜುಮ್ಮೆನ್ನುತ್ತೆ ಅನ್ನೋ ದೂರು ಕೇಳದ ಡೆಂಟಿಸ್ಟ್ ಇಲ್ಲ. ಟೈಪ್ 1 ಸಿಮೆಂಟಿನ ಪೊರೆ 25 ಮೈಕ್ರಾನ್ ಮೀರಬಾರದು ಅಂತ ಮಾನಕ. ಅದಕ್ಕೆ ಕ್ರೌನ್ ಒಳಗೆಲ್ಲ ತುಂಬಿಸಿ ಒತ್ತಬೇಡಿ, ಗೋಡೆಗೆ ತೆಳ್ಳಗೆ ಸವರಿ. ತುಂಬಿಸಿದ್ರೆ ಒಳಗಿನ ಒತ್ತಡ ಡೆಂಟಿನ್ ಕೊಳವೆಗಳಿಗೆ ಹೋಗುತ್ತೆ, ಕ್ರೌನೂ ಎತ್ತರ ಕೂರುತ್ತೆ. ಹಲ್ಲನ್ನ ಒಣಗಿಸಿ ಬಿಳಿಚಬೇಡಿ. ಉಕ್ಕಿದ್ದು ರಬ್ಬರ್ ಹದಕ್ಕೆ ಬಂದಾಗಲೇ ಎಳೆದ್ರೆ ಅಂಚಿನ ಒಳಗಿನದೂ ಬರುತ್ತೆ, ಪಟ್ಟನೆ ಮುರಿಯೋ ಹದಕ್ಕೆ ಕಾಯಿರಿ. ಅಲ್ಲಿತನಕ ಕಾಟನ್ ಒಣಗಿರಲಿ.

ಜಗಳೂರು ಶಿಬಿರ

ಬದಲಾಯಿಸಬೇಕಾದ್ದು ಸಿಕ್ಕಿತು. ದ್ರವ ಹೆಚ್ಚಿಸುತ್ತಿದ್ದದ್ದು, ದ್ರವವನ್ನು ನೀರಿಲ್ಲದೆ ಹಚ್ಚುತ್ತಿದ್ದದ್ದು, ಕೆರೆದ ಮೇಲೆ ಹೊದಿಕೆ ಇಲ್ಲದ್ದು. ಒಂದು ಉಳಿದಿದೆ: ಕ್ಯಾಪ್ಸೂಲಿಗೆ ಹೋದರೆ ಅಳತೆಯ ತಾಪತ್ರಯ ತಪ್ಪುವುದಿಲ್ಲವೇ?

ಮೆಟೀರಿಯಲ್ಸ್ ಮೇಷ್ಟ್ರು

ಅಳತೆಯ ತಾಪತ್ರಯ ತಪ್ಪುತ್ತದೆ, ಬಿಸಿಲಿನದ್ದು ಉಳಿಯುತ್ತದೆ. ಕ್ಯಾಪ್ಸೂಲನ್ನು ಒತ್ತಿ ಸುಮಾರು 2 ಸೆಕೆಂಡ್ ಹಿಡಿದು, ಯಂತ್ರದಲ್ಲಿ 10 ಸೆಕೆಂಡ್ ಕುಲುಕಬೇಕು. ಆ ಯಂತ್ರಕ್ಕೆ ಕರೆಂಟು ಬೇಕು, ವೇಗ ಇಳಿದ ಹಳೆಯ ಯಂತ್ರವಾದರೆ ಒಳಗೆ ಪುಡಿ ಉಳಿಯುತ್ತದೆ. ಒಂದು ಕ್ಯಾಪ್ಸೂಲಿನಲ್ಲಿ ಎರಡು ಮಕ್ಕಳಿಗೆ ಹಾಕೋಣ ಅನ್ನುವ ಉಳಿತಾಯ ಬೇಡ, ಎರಡನೇ ಮಗುವಿಗೆ ಸಿಗುವುದು ಹೊಳಪು ಹೋದ ಹಿಟ್ಟು. ಕ್ಲಿನಿಕ್‌ಗೆ ಕ್ಯಾಪ್ಸೂಲ್ ಇರಲಿ. ಜಗಳೂರಿಗೆ ಬಾಟಲಿಯನ್ನೇ ಒಯ್ಯಿರಿ, ಹಲ್ಲು ನೋಡುವ ಮೇಜನ್ನು ಮಾತ್ರ ಫ್ಯಾನಿನ ಕೆಳಗಿಂದ ಪಕ್ಕಕ್ಕೆ ಸರಿಸಿ, ಬೆಳಿಗ್ಗೆ ಎಂಟಕ್ಕೇ ಶುರು ಮಾಡಿ.